ಪ್ರಾಸದ ಒತ್ತು

ನಮ್ಮ ಊರಿನಲ್ಲಿ ಒಂದು ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ಯಾರೂ ಕರೆಯದೆ ಉಳಿದ ಹೆಸರಿನ ಮೊದಲಕ್ಷರ ಉದುರಿಹೋಗುತ್ತದೆ. ಬಾಯಿಂದ, ಕಾಗದದಿಂದ, ಬಾಗಿಲ ಮೇಲಿನ ಹಲಗೆಯಿಂದ, ಹೆತ್ತವರ ನೆನಪಿನಿಂದ, ಎಲ್ಲ ಕಡೆಯಿಂದಲೂ ಒಂದೇ ಬೆಳಿಗ್ಗೆ ಹೋಗುತ್ತದೆ. ಗಂಡಸರ ಹೆಸರು ಉದುರುವುದು ಕಡಿಮೆ. ಸಾಲ ಕೇಳಲೋ ಜಗಳ ತೆಗೆಯಲೋ ಯಾರಾದರೂ ಕರೆಯುತ್ತಲೇ ಇರುತ್ತಾರೆ. ಉದುರುವುದು ಹೆಂಗಸರದು. ಮದುವೆಯಾಗಿ ಬಂದಾಗ ವೈನಿ, ಆಮೇಲೆ ಅವ್ವ, ಆಮೇಲೆ ಆಯಿ. ಹೆಸರು ಹಿಡಿದು ಕರೆಯುವವರು ಎಲ್ಲಿದ್ದಾರೆ? ಅದಕ್ಕೇ ಯುಗಾದಿಯ ಹಿಂದಿನ ದಿನ ನಮ್ಮ ಗಂಡಸರು ಹಿತ್ತಲ ಬಾಗಿಲಿಗೆ ನಿಂತು, ಅತ್ತ ಇತ್ತ ನೋಡಿ, ನಾಚಿಕೊಂಡು ಹೆಂಡತಿಯ ಹೆಸರನ್ನು ಒಮ್ಮೆ ಕರೆಯುತ್ತಾರೆ. ಒಳಗಿನಿಂದ "ಏನ್ರೀ?" ಎಂದು ಕೇಳಿದರೆ "ಏನಿಲ್ಲ ಬಿಡು" ಎನ್ನುತ್ತಾರೆ. ಅಷ್ಟಕ್ಕೆ ಒಂದು ವರ್ಷ ನಡೆಯುತ್ತದೆ.

ಮರೆತವರದು ಹೋಗುತ್ತದೆ. ಮಲ್ಲಮ್ಮ ಲ್ಲಮ್ಮ ಆಗುತ್ತಾಳೆ. ಹಾಗೆ ಶುರುವಾಗುವ ಹೆಸರನ್ನು ಅನ್ನಲು ನಾಲಿಗೆ ತಿರುಗದು, ಆದ್ದರಿಂದ ಉದುರಿದ ಅಕ್ಷರದ ಜಾಗದಲ್ಲಿ ನಾವು ಸಣ್ಣದೊಂದು ಉಸಿರು ಬಿಡುತ್ತೇವೆ. ಹೋದದ್ದು ಹ್ರಸ್ವವಾಗಿದ್ದರೆ ಗಿಡ್ಡ ಉಸಿರು, ದೀರ್ಘವಾಗಿದ್ದರೆ ಉದ್ದ ಉಸಿರು. ಅದನ್ನು ಯಾರೂ ಹೇಳಿಕೊಡುವುದಿಲ್ಲ. ಅಕ್ಷರ ಹೋದರೂ ಅದರ ಮಾತ್ರೆ ಹೋಗುವುದಿಲ್ಲ, ಶಿವನು ಅಷ್ಟನ್ನು ಉಳಿಸಿಕೊಟ್ಟಿದ್ದಾನೆ.

ನಾನು ಕೆಲಸ ಮಾಡುವುದು ಊರಿನ ಕಣಜದಲ್ಲಿ. ಕಾಳಿನ ಕಣಜವಲ್ಲ, ಹೆಸರಿನ ಕಣಜ. ಯಾರ ಹೊಲ ಯಾವುದು, ಯಾರಿಗೆ ಯಾವ ಗುಳಿಗೆ, ಯಾರ ಮಗುವಿಗೆ ಯಾವ ಲಸಿಕೆ ಎಂಬುದೆಲ್ಲ ಒಂದು ಕಂಪ್ಯೂಟರಿನೊಳಗೆ ಸಾಲುಸಾಲಾಗಿ ಕೂತಿದೆ. ಸುತ್ತಿನ ಹತ್ತು ಊರಿನವರು ಕೂಡಿ ಕಟ್ಟಿದ ಕಣಜ ಅದು, ಯಾರ ಸ್ವತ್ತೂ ಅಲ್ಲ. ಅದರ ಒಳಬರಹವನ್ನು ಯಾರು ಬೇಕಾದರೂ ಬಿಚ್ಚಿ ಓದಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು, ತಮಗೆ ಬೇಕಾದ್ದನ್ನು ಸೇರಿಸಿಕೊಳ್ಳಬಹುದು. ಉಳಿದ ಒಂಬತ್ತು ಊರುಗಳಲ್ಲಿ ಅಕ್ಷರ ಉದುರುವುದಿಲ್ಲ, ಕಣಜದ ಪ್ರತಿ ಅಲ್ಲೆಲ್ಲ ಇರುವುದರಿಂದ ಅದರೊಳಗಿನ ಹೆಸರುಗಳೂ ಉದುರುವುದಿಲ್ಲ. ಆದರೆ ಹೊರಗೆ ತೆಗೆಯುವುದೇ ಕಷ್ಟ. ಕಣಜದ ಮೂಲ, ಅಂದರೆ ಹತ್ತೂ ಊರಿಗೆ ಒಂದೇ ಆದ ಅದರ ಒಳಬರಹ, ಹೆಸರನ್ನು ಹುಡುಕುವುದು ನಿಘಂಟಿನ ಹಾಗೆ, ಮೊದಲಕ್ಷರದಿಂದ. ಮೊದಲಕ್ಷರವೇ ಇಲ್ಲದೆ ಬಂದವಳಿಗೆ ಅದು "ಇಲ್ಲ" ಎನ್ನುತ್ತದೆ.

ಮೂಲದಲ್ಲಿ ಇಲ್ಲದ್ದನ್ನು ಬೇಕಾದವರು ಬೇಕಾದಾಗ ಜೋಡಿಸಿಕೊಳ್ಳುವ ತುಣುಕುಗಳಿವೆ. ಅವಕ್ಕೆ ಒತ್ತು ಎನ್ನುತ್ತಾರೆ, ಅಕ್ಷರದ ಕೆಳಗೆ ಕೊಡುತ್ತೇವಲ್ಲ, ಆ ಒತ್ತು. ಮೀನುಗಾರರ ಊರಿನವರು ತಿಥಿಯ ಒತ್ತು ಕಟ್ಟಿದ್ದಾರೆ, ಕುಂಬಾರರ ಊರಿನವರು ಅಳತೆಯ ಒತ್ತು. ನಮ್ಮ ಊರಿನದು ಪ್ರಾಸದ ಒತ್ತು. ಅದನ್ನು ಕಟ್ಟಿದವರು ಶರಭಯ್ಯನವರು.

ಶರಭಯ್ಯನವರದು ಹೊಲಿಗೆ ಅಂಗಡಿ. ಅವರ ಅಂಗಡಿಗೂ ನನ್ನ ಕಣಜದ ಕೋಣೆಗೂ ನಡುವೆ ಒಂದು ಹಲಗೆಯ ಗೋಡೆ ಮಾತ್ರ. ಮಧ್ಯಾಹ್ನ ಮೂರಕ್ಕೆ ಚಹಾ ಕುಡಿದು ಮಿಷನ್ ತುಳಿಯುತ್ತ ಕಾವ್ಯ ಓದಲು ಶುರುಮಾಡಿದರೆ ಐದರವರೆಗೆ ನಿಲ್ಲಿಸುತ್ತಿರಲಿಲ್ಲ. ಪುಸ್ತಕ ಎದುರಿಗಿರುತ್ತಿರಲಿಲ್ಲ, ಎಲ್ಲ ಕಂಠಸ್ಥ. ನಾನು ಹುಟ್ಟಿದ ಮನೆಯಲ್ಲಿ ಶ್ರಾವಣವಿಡೀ ಪುರಾಣ ಓದಿಸುತ್ತಿದ್ದರು. ಅವರೆಕಾಳು ಸುಲಿಯುತ್ತ ಮೂಲೆಯಲ್ಲಿ ಕೂತು ಕೇಳುವುದು ನನ್ನ ಪಾಲಿನ ಪೂಜೆ. ಹಾಗಾಗಿ ಹಲಗೆಯ ಈಚೆ ನನ್ನ ಕೈ ಹೆಸರು ಬರೆಯುತ್ತಿದ್ದರೂ ಕಿವಿ ಆಚೆಗಿರುತ್ತಿತ್ತು. ಪದ್ಯದ ಪ್ರತಿ ಸಾಲಿನಲ್ಲೂ ಎರಡನೆಯ ಅಕ್ಷರ ಒಂದೇ ಆಗಿ ಬಂದು ಕಿವಿಗೆ ತಾಗುವುದು ನಮ್ಮ ಹಳೆಯ ಕವಿಗಳ ಪ್ರಾಸ. ಅದರ ಹಿಂದಿನ ಅಕ್ಷರ ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ. ಒಂದು ದಿನ ಓದು ನಿಲ್ಲಿಸಿ ಶರಭಯ್ಯನವರು ಹಲಗೆ ಬಡಿದು ಕೂಗಿದರು:

"ಏ, ಕೇಳಿಲ್ಲಿ! ಮೊದಲಕ್ಷರ ಹೋದರ ಹೋಗ್ಲಿ. ಎರಡನೇದು ಎಲ್ಲಿ ಹೊಕ್ಕೈತಿ? ಎರಡನೇದರ ಮ್ಯಾಲ ಹುಡುಕಿದ್ರ ಆತು!"

ಅಷ್ಟೇ. ಅರವತ್ತರ ಹತ್ತಿರದ ಮನುಷ್ಯ ಕಣಜದ ಒಳಬರಹ ಓದುತ್ತ ಓದುತ್ತ ಕಲಿತು, ಎರಡು ವರ್ಷದಲ್ಲಿ ಪ್ರಾಸದ ಒತ್ತು ಕಟ್ಟಿದರು. ಎರಡನೆಯ ಅಕ್ಷರ ಹೇಳಿದರೆ, ಉಸಿರು ಗಿಡ್ಡವೋ ಉದ್ದವೋ ಹೇಳಿದರೆ, ಆ ಪ್ರಾಸಕ್ಕೆ ಕೂಡುವ ಹೆಸರನ್ನೆಲ್ಲ ಅದು ಮುಂದಿಡುತ್ತಿತ್ತು. ತಂದೆಯ ಹೆಸರು, ಓಣಿ ನೋಡಿ ನಾವು ಆರಿಸಿಕೊಳ್ಳುತ್ತಿದ್ದೆವು. ಅದನ್ನು ಮೂಲದೊಳಗೇ ಸೇರಿಸಲು ಕೇಳಿರಿ ಎಂದು ಊರಿನವರು ಹೇಳಿದಾಗ ಶರಭಯ್ಯನವರು ಒಪ್ಪಲಿಲ್ಲ. "ಜೇಬಿಲ್ಲದ ಅಂಗಿನೂ ಅಂಗಿನ. ಬೇಕಂದವರಿಗೆ ಹಚ್ಚಿಕೊಡ್ತೀನಿ, ಎಲ್ಲಾರ ಎದಿಗೂ ಜೇಬು ಹಚ್ಚಾಕ ನಾ ಯಾರು?" ಎಂದರು. ಮೂಲವನ್ನು ನೋಡಿಕೊಳ್ಳುವವರು ಅದನ್ನು ತಮ್ಮ ಜೊತೆಗಂಟಿನಲ್ಲಿ ಇಟ್ಟರು. ಜೊತೆಗಂಟು ಅಂದರೆ ಕಣಜದ ಹೊಸ ಆವೃತ್ತಿ ಬಂದಾಗಲೆಲ್ಲ ಅದರ ಜೊತೆಗೇ ಬರುವ ಒತ್ತುಗಳ ಗಂಟು. ಬೇಕಾದವರು ಬಿಚ್ಚಿಕೊಳ್ಳಬಹುದು, ಬೇಡವಾದವರಿಗೆ ಭಾರವಿಲ್ಲ.

ಅಂದಿನಿಂದ ನನ್ನ ಕಿಟಕಿಯ ಮುಂದೆ ಸಾಲು. ಒಂದು ಪದ್ಧತಿಯೂ ಬೆಳೆಯಿತು: ಹೆಸರು ಸಿಕ್ಕೊಡನೆ ಸಾಲಿನಲ್ಲಿ ನಿಂತವರೆಲ್ಲ ಅದನ್ನು ಒಮ್ಮೆ ಗಟ್ಟಿಯಾಗಿ ಕರೆಯಬೇಕು. "ಮಲ್ಲಮ್ಮಾ!" ಎಂದು ಇಪ್ಪತ್ತು ಜನ ಕೂಗಿದಾಗ ಆ ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುವುದನ್ನು ನೋಡಬೇಕು.

ಊರಿನವರನ್ನೆಲ್ಲ ಕಣಜದಲ್ಲಿ ಬರೆದ ನಾನು ನನ್ನನ್ನು ಮಾತ್ರ ಬರೆದುಕೊಂಡಿರಲಿಲ್ಲ. ನಾಳೆ ಬರೆದರಾಯಿತು ಎಂದು ಇಪ್ಪತ್ತು ವರ್ಷ ಕಳೆದಿದ್ದವು. ಎಲ್ಲರಿಗೂ ನಾನು ಕಣಜದಕ್ಕ. ಹೆಸರು ಹಿಡಿದು ಕರೆಯುತ್ತಿದ್ದವರು ಶರಭಯ್ಯನವರೊಬ್ಬರೇ, ಅದೂ ದಿನಕ್ಕೆ ಹತ್ತು ಸಲ, ಹಲಗೆಯ ಆಚೆಯಿಂದ: "ಈ ಸಾಲು ಸರಿ ಬಂತಾ? ಎಲ್ಲಿ ಮುಗ್ಗರಿಸ್ತು, ಹೇಳು." ನಾನು ಮುಗ್ಗರಿಸಿದ ಜಾಗ ಹೇಳುತ್ತಿದ್ದೆ. ಒತ್ತು ಕಟ್ಟುವಾಗಲೂ ಹಾಗೇ. ಅವರು ಬರೆಯುವುದು, ನಾನು ಹಿಡಿದು ನೋಡಿ "ಇಲ್ಲಿ ತಪ್ಪತೈತಿ" ಎನ್ನುವುದು. ಅವರು ತೀರಿಕೊಂಡ ಮೇಲೆ ಎರಡನೆಯ ಯುಗಾದಿಯ ಬೆಳಿಗ್ಗೆ ಎದ್ದಾಗ ನನ್ನ ಹೆಸರಿನಲ್ಲಿ ಉಳಿದದ್ದು "ರದಾ". ಯಾರಾದರೂ ಒಮ್ಮೆ ಕರೆಯಿರಿ ಎಂದು ಕೇಳಲು ನನಗೆ ನಾಚಿಕೆಯಾಗಿತ್ತು. ಶಿವನಿಗೆ ಕೈ ಮುಗಿದು ಕಿಟಕಿ ತೆರೆದೆ. ಉಳಿದವರ ಹೆಸರು ಸಿಗುತ್ತಿತ್ತಲ್ಲ, ಅದೇ ನನಗೆ ಸಾಕಾಗಿತ್ತು.

ಆ ವರ್ಷವೇ ಮೂಲದವರ ಕಾಗದ ಬಂತು. ಕಣಜದ ಹೊಸ ಆವೃತ್ತಿ ಬರಲಿದೆ. ಕಾಯುವವರಿಲ್ಲದ, ಅಂದರೆ ತಪ್ಪು ತಿದ್ದಿ ನೋಡಿಕೊಳ್ಳುವವರಿಲ್ಲದ ಒತ್ತುಗಳನ್ನು ಜೊತೆಗಂಟಿನಿಂದ ತೆಗೆಯಲಾಗುವುದು. ಪಟ್ಟಿಯಲ್ಲಿ ಮೂರನೆಯದು ಪ್ರಾಸದ ಒತ್ತು. ಕಾಗದದ ಹಿಂದೆಯೇ ಬುಧವಾರದ ಬಸ್ಸಿಗೆ ಪದ್ಮಪ್ರಭಾ ಮೇಡಂ ಎಂಬವರು ಬಂದಿಳಿದರು. ಮೂಲದ ಕೆಲಸ ನೋಡುವ ಏಳು ಜನರಲ್ಲಿ ಒಬ್ಬರು. ನಲವತ್ತರ ವಯಸ್ಸು, ಹತ್ತಿ ಸೀರೆ, ಮಾತು ಸಣ್ಣ, ಕಣ್ಣು ಚುರುಕು. ನನ್ನ ಕಿಟಕಿಯ ಮುಂದಿನ ಸಾಲಿನಲ್ಲಿ ಅವರೂ ಹೋಗಿ ನಿಂತರು, ಸರದಿ ಬಂದ ಮೇಲೆ ಯಾರೆಂದು ಹೇಳಿದರು. ಅದು ನನಗೆ ಹಿಡಿಸಿತು.

"ಬಿಸಾಡೋದಿಲ್ಲಮ್ಮ," ಎಂದರು. "ಹಿತ್ತಲಿಗೆ ಇಡ್ತೀವಿ. ಬೇಕಾದವರು ತಾವೇ ತಂದು ಜೋಡಿಸ್ಕೋಬಹುದು."

"ಹಿತ್ತಲಿಗೆ ಹೋದದ್ದನ್ನ ಹೊಸ ಆವೃತ್ತಿಗೆ ಒಗ್ಗಿಸೋರು ಯಾರ್ರಿ?"

"ಅದೇ ಪ್ರಶ್ನೆ. ಜೊತೆಗಂಟಲ್ಲಿದ್ರೂ ಒಗ್ಗಿಸೋರು ಯಾರು? ಶರಭಯ್ಯನವರಿಗೆ ಎಂಟು ಕಾಗದ ಬರೆದೆ. ಉತ್ತರ ಇಲ್ಲ."

"ಅವರು ತೀರ್ಕೊಂಡ್ರು ಮೇಡಮ್ಮಾರ," ಎಂದು ಸಾಲಿನ ಪಕ್ಕದಿಂದ ಅಡಿವೆಪ್ಪ ಹೇಳಿದ. ಎದುರಿಗೇ ಅವನ ಚಹಾದಂಗಡಿ. ಕೆಟಲಿ ಹಿಡಿದು ಸಾಲಿನವರಿಗೆ ಚಹಾ ಕೊಡುತ್ತ, ಕರೆಯದಿದ್ದರೂ ಮಾತಿಗೆ ಬರುವವನು. "ನೀವು ಇನ್ನೂ ಎಂಟು ಬರದ್ರೂ ಉತ್ತರ ಬರಂಗಿಲ್ಲ. ಒಂದು ಕೆಲಸ ಮಾಡ್ರಿ, ಅದನ್ನ ಮೂಲದೊಳಗ ಸೇರಿಸಿಬಿಡ್ರಿ. ಗಂಟೂ ಬ್ಯಾಡ, ಹಿತ್ತಲೂ ಬ್ಯಾಡ."

"ಹತ್ತು ಊರಲ್ಲಿ ಅಕ್ಷರ ಉದುರೋದು ನಿಮ್ಮೊಂದರಲ್ಲೇ. ಉಳಿದ ಒಂಬತ್ತು ಊರು ಯಾಕೆ ಹೊರಬೇಕು? ಎಲ್ಲರ ಬೇಡಿಕೆನೂ ಒಳಗೆ ಹಾಕ್ಕೊಂಡ್ರೆ ಮೂಲ ಊದಿಕೊಳ್ಳುತ್ತೆ. ಆಮೇಲೆ ಎಲ್ಲಿ ನೋವು ಅಂತಾನೂ ಗೊತ್ತಾಗಲ್ಲ."

"ಒಂದು ಒತ್ತಿಗೆ ಇಷ್ಟು ರಗಳೆ! ಇದ್ದರೆಷ್ಟು, ಬಿಟ್ಟರೆಷ್ಟು ಅನ್ನೂ ಹಂಗ," ಎಂದ ಅವನು.

"ಕತ್ತೆಯ ಒತ್ತು ತೆಗೆದ್ರೆ ಏನಾಗುತ್ತೆ ಹೇಳಿ?" ಎಂದರು ಮೇಡಂ.

ಅಡಿವೆಪ್ಪ ಯೋಚಿಸಿದ. "ಕತೆ ಆಕ್ಕೈತ್ರಿ."

"ನೋಡಿ. ಪ್ರಾಣಿ ಹೋಗಿ ಪುರಾಣ ಆಯ್ತು. ಒತ್ತು ಸಣ್ಣದು ಅಂತ ನಾನೂ ಅಂದಿಲ್ಲ. ಕಾಯೋರು ಬೇಕು ಅಂದೆ, ಅಷ್ಟೇ."

ಸಾಲು ನಕ್ಕಿತು. ನಗು ನಿಂತ ಮೇಲೆ ಎಲ್ಲರ ಕಣ್ಣೂ ನನ್ನ ಕಡೆ ತಿರುಗಿದವು.

"ನಾ ಈ ಹಲಗಿ ಈಚೆ ಕೂತು ಬರೀ ಕೇಳಾಕಿರಿ," ಎಂದೆ. "ಕಟ್ಟಾಕಿ ಅಲ್ಲ."

"ಕಟ್ಟೋದು ಒಂದು ಸಲ. ಕಾಯೋದು ದಿನಾ. ತಪ್ಪಾಯ್ತು ಅಂತ ಬಂದವರ ಮಾತು ಪೂರ್ತಿ ಕೇಳೋರು ಸಿಗೋದೇ ಕಷ್ಟ." ಅವರು ಚೀಲದಿಂದ ಒಂದು ಫಾರಂ ತೆಗೆದರು. "ನಾಳೆ ಸಂಜೆ ಐದರ ಬಸ್ಸಿಗೆ ನಾನು ಹೊರಡ್ತೀನಿ. ಅಷ್ಟರಲ್ಲಿ ಎರಡು ಆಗಬೇಕು. ಹೊಸ ಆವೃತ್ತಿಯ ಮೇಲೆ ಒತ್ತು ನಡೀಬೇಕು. ಮತ್ತೆ ಇಲ್ಲಿ ಒಬ್ಬರ ಹೆಸರು ಬರಬೇಕು, ಮೊದಲಕ್ಷರದಿಂದ ಪೂರ್ತಿ ಹೆಸರು. ಯಾರಿಗೆ ಏನು ತೊಂದರೆ ಆದ್ರೂ ಹೆಸರು ಹಿಡಿದು ಕರೀಬೇಕಲ್ಲ."

ನಾನು ಫಾರಂ ನೋಡಿದೆ. ಕಾಯುವವರ ಹೆಸರು ಎಂಬಲ್ಲಿ ಉದ್ದ ಗೆರೆ. ಗೆರೆಯ ಮೇಲೆ ಒಂದು ಉಸಿರು ಬಿಟ್ಟು ರದಾ ಎಂದು ಬರೆಯಲು ಬರುತ್ತದೆಯೇ?

"ಬರೀರಿ ಅಕ್ಕಾರ, ಶಾರದಾ ಅಂತ ಬರೀರಿ," ಎಂದ ಅಡಿವೆಪ್ಪ ಮರುದಿನ ಬೆಳಿಗ್ಗೆ ಚಹಾ ಇಡುತ್ತ. "ರದಾ ಅಂದ್ರ ಮತ್ತೇನಿರತೈತಿ? ನಮ್ಮ ಓಣಿಯೊಳಗ ನಾಲ್ಕು ಮಂದಿ ಶಾರದಾ ಅದಾರ. ನೀವು ಐದನೇದವರು."

"ನನಗ ಗೊತ್ತಿಲ್ದ ಹೆಸರಿಗೆ ನಾ ಹೆಂಗ ಓಗೊಡ್ಲೋ?"

"ಓಗೊಟ್ಟರ ರೂಢಿ ಆಕ್ಕೈತಿ. ನನ್ನ ಹೆಸರು ಅಡಿವೆಪ್ಪ ಅಂತ ನನ್ನನ್ನ ಕೇಳಿ ಇಟ್ರೇನು?"

ಅವನ ಮಾತು ಸರಿಯೇ ಇತ್ತು. ಐದು ಗಂಟೆಯೂ ಬರುತ್ತಿತ್ತು. ಪೆನ್ನು ತೆಗೆದುಕೊಂಡೆ. ಕಣ್ಣು ಮುಚ್ಚಿ, ಶರಭಯ್ಯನವರು ಹಲಗೆಯ ಆಚೆಯಿಂದ ಕರೆಯುವುದನ್ನು ನೆನೆಸಿಕೊಂಡೆ. ಅಕ್ಷರ ನೆನಪಿನಲ್ಲಿರಲಿಲ್ಲ, ಆದರೆ ಅದರ ಜಾಗ ಇತ್ತು. ಗಿಡ್ಡ ಜಾಗ. ಒಂದೇ ಮಾತ್ರೆ. ಶಾ ಅಲ್ಲಿ ಕೂರುವುದಿಲ್ಲ. ಮೊಣಕಾಲು ಹೊರಗೆ ಬರುತ್ತದೆ.

"ಅಲ್ಲೋ ಅಡಿವೆಪ್ಪ," ಎಂದೆ. "ನಂದು ಸಿಂಹ. ಆನಿ ಅಲ್ಲ."

ಅವನು ನನ್ನ ಮುಖ ನೋಡಿ, ಹಣೆ ಮುಟ್ಟಿ ನೋಡಲೋ ಬೇಡವೋ ಎಂಬಂತೆ ನಿಂತು, ಕೆಟಲಿ ಎತ್ತಿಕೊಂಡು ಹೋದ.

ಹತ್ತು ಗಂಟೆಗೆ ಪದ್ಮಪ್ರಭಾ ಮೇಡಂ ಹೊಸ ಆವೃತ್ತಿಯನ್ನು ಒಂದು ಬದಿಯ ಕಂಪ್ಯೂಟರಿಗೆ ಹಾಕಿ, ಅದಕ್ಕೆ ಪ್ರಾಸದ ಒತ್ತು ಜೋಡಿಸಿದರು. ಪ್ರತಿ ಒತ್ತಿನ ಜೊತೆಗೂ ಕಟ್ಟಿದವರು ಒಂದು ಪರೀಕ್ಷೆಯನ್ನು ಬರೆದಿಟ್ಟಿರುತ್ತಾರೆ: ಇಂಥದ್ದನ್ನು ಕೇಳಿದರೆ ಇಂಥ ಉತ್ತರ ಬರಬೇಕು ಎಂದು. ಉತ್ತರ ಕೂಡಿದರೆ ತೆರೆಯ ಮೇಲೆ "ಸರಿ" ಎಂಬ ಎರಡಕ್ಷರ ಮಾತ್ರ ಬರುತ್ತದೆ, ಒಳಗೇನಿದೆ ಎಂದು ತೋರಿಸುವುದಿಲ್ಲ. ಇಷ್ಟು ವರ್ಷ ನಾನು ನೋಡಿದ್ದು ಆ "ಸರಿ" ಒಂದನ್ನೇ. ಶರಭಯ್ಯನವರು ಪರೀಕ್ಷೆಯನ್ನು ತಾವೊಬ್ಬರೇ ಕೂತು ಬರೆದಿದ್ದರು.

ಅಂದು "ತಪ್ಪು" ಎಂದು ಬಂತು.

"ಹೇಳಿದ್ನಲ್ಲ," ಎಂದರು ಮೇಡಂ, ಆದರೆ ದನಿಯಲ್ಲಿ ಗೆಲುವಿರಲಿಲ್ಲ. ತಪ್ಪಿದಾಗ ಮಾತ್ರ ಕಂಪ್ಯೂಟರ್ ಎರಡು ಪಟ್ಟಿ ತೋರಿಸುತ್ತದೆ, ಬರಬೇಕಾದದ್ದು ಒಂದು, ಬಂದದ್ದು ಇನ್ನೊಂದು. ಅದನ್ನು ಅವರು ಮುದ್ರಿಸಿ ನನ್ನ ಕೈಗಿತ್ತರು. "ನೀವು ನೋಡಿ. ನನಗೆ ನಿಮ್ಮ ಪ್ರಾಸ ತಿಳಿಯೋದಿಲ್ಲ."

ನೋಡಿದರೆ ನನಗೂ ತಿಳಿಯುವುದಿಲ್ಲ, ಕೇಳಿದರೆ ತಿಳಿಯುತ್ತದೆ. "ನೀವು ಓದ್ರಿ," ಎಂದು ಕಾಗದ ಮರಳಿ ಕೊಟ್ಟೆ. "ಬಂದದ್ದನ್ನ ಮೊದಲು ಓದ್ರಿ, ಬಾರದ್ದನ್ನ ಆಮ್ಯಾಲ." ಕಣ್ಣು ಮುಚ್ಚಿ ಕೂತೆ.

ಅವರು ಓದಿದರು. "ಬಂದದ್ದು: ಸರಸಿ, ಹರಿಣಿ, ವರದಾ, ಮರುಳವ್ವ. ಬಾರದ್ದು: ಗಿರಿಜೆ, ಗೌರವ್ವ, ಶಾರದಾ, ತಾರವ್ವ, ಸುರಸೆ."

"ಇನ್ನೊಮ್ಮೆ."

ಇನ್ನೊಮ್ಮೆ ಓದಿದರು. ಮೂರನೆಯ ಸಲ ಅರ್ಧಕ್ಕೇ ನನಗೆ ಕೇಳಿಸಿತು. ಬಂದವರೆಲ್ಲ ಬರೀ ತಲಕಟ್ಟಿನವರು. ಸ, ಹ, ವ, ಮ. ಗುಡಿಸು, ಇಳಿ, ಕೊಂಬು, ಔತ್ವ ಇದ್ದವರೊಬ್ಬರೂ ಬಂದಿರಲಿಲ್ಲ.

"ಮೇಡಮ್ಮಾರ, ನಿಮ್ಮ ಹೊಸ ಮೂಲ ಗುಡಿಸನ್ನೂ ಒಂದು ಅಕ್ಷರ ಅಂತ ಎಣಸಾಕತ್ತೈತಿ. ಗಿರಿಜೆಯೊಳಗ ಎರಡನೇದು ಯಾವುದು? ರಿ. ಅದು ಗ ಒಂದು, ಗುಡಿಸು ಎರಡು ಅಂತೈತಿ. ಶಾರದಾದೊಳಗ ಇಳಿನೇ ಎರಡನೇದು ಅಂತೈತಿ."

ಮೇಡಂ ಕಾಗದದ ಮೇಲೆ ಬೆರಳಿಟ್ಟು ಎಣಿಸಿ ನೋಡಿದರು. ಆಮೇಲೆ ಹಣೆಗೆ ಕೈ ಹೊಡೆದುಕೊಂಡರು. "ಹೌದು. ಮೊದಲು ಮೂಲವೇ ಅಕ್ಷರ ಕೂಡಿಸಿ ಕೊಡ್ತಿತ್ತು. ಈ ಸಲ ಬಿಡಿಬಿಡಿಯಾಗಿ ಕೊಡ್ತೀವಿ, ಕೂಡಿಸ್ಕೊಳ್ಳೋದು ಒತ್ತಿನ ಕೆಲಸ. ಕಾಗದದಲ್ಲಿ ಬರೆದಿದ್ದೆ. ಎಂಟು ಕಾಗದದಲ್ಲೂ."

"ಓದೋರು ಇರಲಿಲ್ರಿ."

"ಇದ್ರಲ್ಲ," ಎಂದರು. "ಹಲಗೆಯ ಈಚೆ."

ಆ ಕೂಡಿಸುವ ಸಾಲನ್ನು ನಾನೇ ಬರೆದೆ. ಶರಭಯ್ಯನವರ ಬರಹದಲ್ಲಿ ಅದು ಎಲ್ಲಿ ಕೂರಬೇಕೆಂದು ನನಗೆ ಗೊತ್ತಿತ್ತು. ಹತ್ತು ಸಲ ಮುಗ್ಗರಿಸಿದ ಜಾಗವೇ ಅದು. ನಾಲ್ಕು ಸಾಲಾಯಿತು. ಮೇಡಂ ಒಂದನ್ನು ಹೊಡೆದುಹಾಕಿದರು, ಮೂರಾಯಿತು. ಅಷ್ಟು ಹೊತ್ತಿಗೆ ಮೂರು ಗಂಟೆ, ಸಾಲಿನಲ್ಲಿ ಜನ. ಅಡಿವೆಪ್ಪ ಹೋಗಿಬಂದವರಿಗೆಲ್ಲ ಸುದ್ದಿ ಹೇಳಿದ್ದ, ಗುಳಿಗೆ ಬೇಡದವರೂ ಬಂದು ನಿಂತಿದ್ದರು. ಪರೀಕ್ಷೆಯನ್ನು ಮತ್ತೆ ನಡೆಸುವ ಮೊದಲು ಮೇಡಂ ಕೈಯಲ್ಲಿದ್ದ ಪಟ್ಟಿಯನ್ನು ಮತ್ತೊಮ್ಮೆ ಸರಿನೋಡಿದರು.

"ಪ್ರತಿ ಹೆಸರಿನ ಮುಂದೆ ಏನೋ ಬರೆದಿದ್ದಾರಲ್ಲ. ಗಿರಿಜೆ, ಬಳೆ ಮಾರುವಾಕೆ. ಸರಸಿ, ಸೂಲಗಿತ್ತಿ. ಹರಿಣಿ, ಬಾವಿಕಟ್ಟೆ ಶಾಲೆಯಾಕೆ. ನಿಜವಾದ ಜನರಾ ಇವರೆಲ್ಲ?"

"ಹೌದ್ರಿ, ನಮ್ಮ ಓಣಿಯವರು."

"ಶಾರದಾ, ಗಿರಣಿಯಾಕೆ. ವರದಾ…" ಮೇಡಂ ತಡೆದರು. ನನ್ನ ಕಡೆ ನೋಡಿದರು. "ವರದಾ, ಹಲಗೆಯ ಈಚೆ ಕೇಳುವಾಕೆ."

ನಾನು ಒಳಗೇ ಆ ಗಿಡ್ಡ ಜಾಗದಲ್ಲಿ ವ ಇಟ್ಟು ನೋಡಿದೆ. ಹೊಲಿದುಕೊಟ್ಟ ಹಾಗೆ ಕೂತಿತು. ಒಂದೇ ಮಾತ್ರೆ, ಸಿಂಹ. ಶರಭಯ್ಯನವರು ನನ್ನನ್ನು ಕಣಜದಲ್ಲಿ ಬರೆಯಲಿಲ್ಲ, ನಾನು ಬರೆದುಕೊಳ್ಳುತ್ತೇನೆಂದು ನಂಬಿದ್ದರೋ ಏನೋ. ಒತ್ತಿನ ಪರೀಕ್ಷೆಯೊಳಗೆ ಬರೆದಿಟ್ಟಿದ್ದರು. ಎಲ್ಲ ಸರಿಯಿರುವವರೆಗೆ ಯಾರಿಗೂ ಕಾಣದ ಜಾಗದಲ್ಲಿ.

ನನ್ನ ಕಣ್ಣು ಒದ್ದೆಯಾಗಿದ್ದನ್ನು ನೋಡಿ ಅಡಿವೆಪ್ಪ ಕಿಟಕಿಗೆ ತಲೆ ಹಾಕಿದ. "ಏನಾತ್ರಿ ಅಕ್ಕಾರ? ಒತ್ತು ಹೋತೇನ್ರಿ?"

"ಇಲ್ಲಪ್ಪ," ಎಂದರು ಮೇಡಂ. "ಅಕ್ಷರ ಬಂತು. ನಿಮ್ಮ ಊರಲ್ಲಿ ಹೆಸರು ಸಿಕ್ಕಿದ್ರೆ ಏನೋ ಮಾಡ್ತೀರಂತಲ್ಲ?" ಎಂದವರು ಸಾಲಿಗೆಲ್ಲ ಕೇಳುವ ಹಾಗೆ ನನ್ನ ಹೆಸರು ಹೇಳಿದರು.

ಸಾಲು ಕೂಗಿತು. ಇಷ್ಟು ವರ್ಷ ಕಿಟಕಿಯ ಒಳಗೆ ಕೂತು ಕೇಳಿದ್ದೆ, ಕಿಟಕಿಯೊಳಕ್ಕೇ ಕೂಗಿದರೆ ಹೇಗಿರುತ್ತದೆಂದು ಗೊತ್ತಿರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಎಲ್ಲರಿಗಿಂತ ಗಟ್ಟಿ ಅಡಿವೆಪ್ಪನದು. ಕೂಗಿದ ಮೇಲೆ "ನಾ ಶಾರದಾ ಅಂದಿದ್ದೆ, ಒಂದು ಅಕ್ಷರ ತಪ್ಪಿತ್ತು, ಅಷ್ಟ," ಎಂದ.

ಪರೀಕ್ಷೆ ನಡೆಸಿದೆವು. ತೆರೆಯ ಮೇಲೆ "ಸರಿ" ಎಂದು ಬಂತು, ಹೆಸರುಗಳೆಲ್ಲ ಮತ್ತೆ ಒಳಗೆ ಹೋದವು. ಫಾರಮಿನಲ್ಲಿ ಕಟ್ಟಿದವರು ಎಂಬಲ್ಲಿ ಶರಭಯ್ಯ ಎಂದೂ ಕಾಯುವವರು ಎಂಬಲ್ಲಿ ವರದಾ ಎಂದೂ ಬರೆದೆ. ಮೇಡಂ ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಅಡಿವೆಪ್ಪನ ಚಹಾ ಕುಡಿದು ಐದರ ಬಸ್ಸು ಹತ್ತಿದರು. ಕಿಟಕಿಯಿಂದ ಕೈ ಬೀಸುತ್ತ, "ಕಾಗದ ಬಂದ್ರೆ ಓದಿ, ವರದಾ!" ಎಂದರು.

ಹೊಸ ಆವೃತ್ತಿ ಬಂದು ಎಂಟು ದಿನಕ್ಕೆ ಮೊದಲ ಕಾಗದ ಬಂತು, ಕುಂಬಾರರ ಊರಿನಿಂದ. ಅಲ್ಲಿ ಯಾರೋ ಸುಮ್ಮನೆ ಕುತೂಹಲಕ್ಕೆ ನಮ್ಮ ಒತ್ತನ್ನು ಬಿಚ್ಚಿ ಜೋಡಿಸಿಕೊಂಡಿದ್ದರು. "ವರದಾ ಅವರಿಗೆ, ನಿಮ್ಮ ಒತ್ತು ಅನುಸ್ವಾರ ಬಂದಲ್ಲಿ ತಪ್ಪುತ್ತದೆ. ವರದಾ ಅವರೇ, ಇದನ್ನು ನೀವು ನೋಡಿಲ್ಲವೇ? ದಯವಿಟ್ಟು ಬೇಗ ಸರಿಪಡಿಸಿ, ವರದಾ ಅವರೇ." ಮಾತು ಸ್ವಲ್ಪ ಬಿರುಸಾಗಿಯೇ ಇತ್ತು. ನಾನು ಅದನ್ನು ಮೂರು ಸಲ ಓದಿ, ದೇವರ ಗೂಡಿನಲ್ಲಿಟ್ಟು ಕೈ ಮುಗಿದೆ. ಆ ಮೇಲೆ ವಾರಕ್ಕೆರಡು ಬರುತ್ತಲೇ ಇವೆ. ಒಂದರಲ್ಲೂ ಹೊಗಳಿಕೆ ಇಲ್ಲ, ಎಲ್ಲದರಲ್ಲೂ ಹೆಸರಿದೆ. ಒತ್ತಿನಲ್ಲಿ ತಪ್ಪು ಉಳಿದಿರುವವರೆಗೆ ನನ್ನ ಮೊದಲಕ್ಷರಕ್ಕೆ ಭಯವಿಲ್ಲ.

ದಿನವೂ ಮೂರು ಗಂಟೆಗೆ ಚಹಾ ಕುಡಿದು ಪರೀಕ್ಷೆ ನಡೆಸುತ್ತೇನೆ. "ಸರಿ" ಎಂದು ಬಂದ ಮೇಲೆ ಹಲಗೆಯ ಗೋಡೆಯನ್ನು ಬೆರಳಿನಿಂದ ಎರಡು ಸಲ ಬಡಿದು, "ಶರಭಯ್ಯನವರ, ಸರಿ ಬಂತ್ರಿ," ಎಂದು ಗಟ್ಟಿಯಾಗಿ ಹೇಳುತ್ತೇನೆ. ಅವರ ಹೆಸರಿನ ಶ ಇನ್ನೂ ಉದುರಿಲ್ಲ.